ಬ್ಯಾಂಕ್ ಠೇವಣಿ ವಿಮೆ: ಯಾರ ಹೆಸರಿನ ಹಣಕ್ಕೆ ಎಷ್ಟು ರಕ್ಷಣೆ?

ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನಲ್ಲಿಯೂ ನೆಲೆಸಿರುವ ನಮ್ಮ ಕಥೊಲಿಕ್ ಕುಟುಂಬಗಳಿಗೆ ಕರಾವಳಿಯೊಂದಿಗೆ ಹಳೆಯ ನಂಟಿದೆ. 1976ರಲ್ಲಿ ಕಾರವಾರ ಧರ್ಮಪ್ರಾಂತ ರಚನೆಯಾದದ್ದು ಬೆಳಗಾವಿ ಧರ್ಮಪ್ರಾಂತದಿಂದಲೇ. ಈ ಕುಟುಂಬಗಳಲ್ಲಿ ರೈಲ್ವೆ, ಶಾಲೆ, ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಅಂಗಡಿ ನಡೆಸುವವರಿದ್ದಾರೆ, ಗೋವಾ ಅಥವಾ ಗಲ್ಫ್‌ನಲ್ಲಿರುವ ಮಕ್ಕಳು ಕಳುಹಿಸುವ ಹಣವನ್ನು ಜೋಪಾನ ಮಾಡುವ ತಂದೆ ತಾಯಿಯರಿದ್ದಾರೆ. ಎಲ್ಲರ ಉಳಿತಾಯವೂ ಯಾವುದೋ ಒಂದು ಪಾಸ್‌ಬುಕ್ಕಿನಲ್ಲಿ, ಯಾವುದೋ ಒಂದು ಠೇವಣಿ ರಸೀದಿಯಲ್ಲಿ ಇರುತ್ತದೆ.

“ಬ್ಯಾಂಕ್ ಮುಳುಗಿದರೂ 5 ಲಕ್ಷ ಸಿಗುತ್ತದಂತೆ” ಎಂಬ ಮಾತನ್ನು ಹೆಚ್ಚಿನವರು ಕೇಳಿದ್ದಾರೆ. ಈ 5 ಲಕ್ಷ ಒಂದೊಂದು ಪಾಸ್‌ಬುಕ್ಕಿಗೋ, ಒಬ್ಬೊಬ್ಬ ವ್ಯಕ್ತಿಗೋ, ಒಂದೊಂದು ಶಾಖೆಗೋ ಎಂದು ಕೇಳಿದರೆ ಉತ್ತರ ತಿಳಿದವರು ಕಡಿಮೆ. ಈ ವಿಷಯವನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ವಿಮೆ ಬಂದ ಬಗೆ

1960ರಲ್ಲಿ ಕೇರಳದ ಪಾಲಾ ಪಟ್ಟಣದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮತ್ತು ಮಹಾರಾಷ್ಟ್ರದ ಅಕೋಲಾದ ಲಕ್ಷ್ಮಿ ಬ್ಯಾಂಕ್ ಕುಸಿದುಬಿದ್ದವು. ಪಾಲಾ ಸಿರಿಯನ್ ಕಥೊಲಿಕರ ಊರು. ಸಾವಿರಾರು ಸಾಮಾನ್ಯ ಕುಟುಂಬಗಳ ಹಣ ಆ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತು. ಆ ಆಘಾತದ ನಂತರ ಸಂಸತ್ತು 1961ರಲ್ಲಿ ಠೇವಣಿ ವಿಮಾ ನಿಗಮದ ಕಾಯ್ದೆಯನ್ನು ಅಂಗೀಕರಿಸಿತು ಮತ್ತು 1962ರ ಜನವರಿ 1ರಂದು ನಿಗಮ ಕೆಲಸ ಆರಂಭಿಸಿತು. ಇಂದು ಅದರ ಹೆಸರು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ. ಬ್ಯಾಂಕಿನವರು ಅದನ್ನು ಡಿಐಸಿಜಿಸಿ ಎನ್ನುತ್ತಾರೆ. ಇದು ಭಾರತೀಯ ರಿಸರ್ವ್ ಬ್ಯಾಂಕಿನ ಸಂಪೂರ್ಣ ಒಡೆತನದ ಸಂಸ್ಥೆ.

ಆರಂಭದಲ್ಲಿ ವಿಮೆಯ ಮಿತಿ ಕೇವಲ 1,500 ರೂ. ಇತ್ತು. 1980ರಲ್ಲಿ ಅದು 30,000 ರೂ. ಆಯಿತು, 1993ರಲ್ಲಿ 1 ಲಕ್ಷ ರೂ. ಆಯಿತು. ನಂತರ ಸುಮಾರು 27 ವರ್ಷ ಅದು ಬದಲಾಗಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಮೇಲೆ ನಿರ್ಬಂಧ ಬಿದ್ದು ಠೇವಣಿದಾರರು ಬೀದಿಗೆ ಬಂದರು. 2020ರ ಫೆಬ್ರವರಿ 4ರಿಂದ ಮಿತಿ 5 ಲಕ್ಷ ರೂ.ಗೆ ಏರಿತು.

ಈ ವಿಮೆಗೆ ನಾವು ಅರ್ಜಿ ಹಾಕಬೇಕಾಗಿಲ್ಲ, ಕಂತು ಕಟ್ಟಬೇಕಾಗಿಲ್ಲ. ಕಂತನ್ನು ಬ್ಯಾಂಕೇ ಕಟ್ಟುತ್ತದೆ. ಅದನ್ನು ಗ್ರಾಹಕರ ಖಾತೆಯಿಂದ ಕಡಿತ ಮಾಡುವಂತಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ: ಅದು ಬ್ಯಾಂಕೇ?

ಹೆಸರು, ಶಾಖೆ, ಖಾತೆಯ ಲೆಕ್ಕಕ್ಕೆ ಹೋಗುವ ಮೊದಲು ಇದನ್ನು ತಿಳಿಯಬೇಕು. ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, ಸಣ್ಣ ಹಣಕಾಸು ಬ್ಯಾಂಕುಗಳು, ಪೇಮೆಂಟ್ಸ್ ಬ್ಯಾಂಕುಗಳು ಮತ್ತು ನಿಗಮದಲ್ಲಿ ನೋಂದಾಯಿತವಾದ ಸಹಕಾರಿ ಬ್ಯಾಂಕುಗಳಿಗೆ ವಿಮೆ ಇದೆ. ಕ್ರೆಡಿಟ್ ಸೊಸೈಟಿಗಳಿಗೆ, ಪತ್ತಿನ ಸಹಕಾರಿ ಸಂಘಗಳಿಗೆ, ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಫೈನಾನ್ಸ್ ಕಂಪೆನಿಗಳಿಗೆ ಮತ್ತು ಚಿಟ್ ಫಂಡ್‌ಗಳಿಗೆ ಈ ವಿಮೆ ಇಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆಯೂ ಇದರಡಿ ಬರುವುದಿಲ್ಲ, ಆದರೆ ಆ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಬೆಳಗಾವಿಯವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ಖಾನಾಪುರ ತಾಲೂಕಿನ ನಂದಗಡದಲ್ಲಿ ಹುತಾತ್ಮನಾದ ವೀರನ ಹೆಸರು ಹೊತ್ತ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇದ್ದ ಸಂಗೊಳ್ಳಿ ರಾಯಣ್ಣ ಅರ್ಬನ್ ಕೋ-ಆಪರೇಟಿವ್ ಕ್ರೆಡಿಟ್ ಸೊಸೈಟಿಯಲ್ಲಿ ಹಣ ಇಟ್ಟವರು 2017ರಲ್ಲಿ ತಮ್ಮ ಠೇವಣಿ ವಾಪಸ್ ಬಾರದೆ ಬೀದಿಗಿಳಿದು ಪ್ರತಿಭಟನೆ ಮಾಡಬೇಕಾಯಿತು. ಅದು ಕ್ರೆಡಿಟ್ ಸೊಸೈಟಿಯಾಗಿತ್ತು, ಬ್ಯಾಂಕ್ ಆಗಿರಲಿಲ್ಲ. ಆದ್ದರಿಂದ ಅಲ್ಲಿ ಹಣವಿಟ್ಟವರಿಗೆ ಠೇವಣಿ ವಿಮೆಯ ಬಾಗಿಲು ತೆರೆದಿರಲಿಲ್ಲ.

“ಸೌಹಾರ್ದ” ಎಂಬ ಶಬ್ದವೂ ಗೊಂದಲ ಉಂಟುಮಾಡುತ್ತದೆ. ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಾಯಿತವಾದ ಪತ್ತಿನ ಸಹಕಾರಿಗಳಿವೆ, ಅದೇ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳೂ ಇವೆ. ಮೊದಲನೆಯದಕ್ಕೆ ವಿಮೆ ಇಲ್ಲ, ಎರಡನೆಯದಕ್ಕೆ ಇದೆ. ಗಡಿ ಜಿಲ್ಲೆಯಾದ್ದರಿಂದ ಬಹುರಾಜ್ಯ ಸಹಕಾರಿ ಸೊಸೈಟಿಗಳೂ ಇಲ್ಲಿ ಕಾಣಸಿಗುತ್ತವೆ. ಕೇಂದ್ರ ಸರ್ಕಾರದ ನೋಂದಣಿ ಇದೆ ಎಂದ ಮಾತ್ರಕ್ಕೆ ಅವುಗಳ ಠೇವಣಿಗೆ ವಿಮೆ ಇದೆ ಎಂದರ್ಥವಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಪರವಾನಗಿ ಇಲ್ಲದೆ ಹೆಸರಿನಲ್ಲಿ “ಬ್ಯಾಂಕ್” ಎಂದು ಹಾಕಿಕೊಳ್ಳುವ ಸಹಕಾರ ಸಂಘಗಳ ಬಗ್ಗೆ ಜನರನ್ನು ಎಚ್ಚರಿಸಿತ್ತು.

ವಿಮೆ ಇದೆಯೇ ಎಂದು ನೋಡುವುದು ಕಷ್ಟವಲ್ಲ. ವಿಮೆ ಇರುವ ಬ್ಯಾಂಕುಗಳ ಪಟ್ಟಿ ಡಿಐಸಿಜಿಸಿಯ ವೆಬ್‌ಸೈಟಿನಲ್ಲಿದೆ. 2023ರ ಸೆಪ್ಟೆಂಬರಿನಿಂದ ಬ್ಯಾಂಕುಗಳು ತಮ್ಮ ವೆಬ್‌ಸೈಟಿನಲ್ಲಿ ನಿಗಮದ ಲಾಂಛನ ಮತ್ತು ಕ್ಯೂಆರ್ ಸಂಕೇತವನ್ನು ಹಾಕಬೇಕು. ಇಂಟರ್‌ನೆಟ್ ಬಳಸದವರು ಶಾಖೆಗೆ ಹೋಗಿ ಮ್ಯಾನೇಜರರನ್ನು ನೇರವಾಗಿ ಕೇಳಬಹುದು.

ಲೆಕ್ಕದ ಮೂಲ ನಿಯಮ

ನಿಯಮವನ್ನು ಒಂದೇ ಮಾತಿನಲ್ಲಿ ಹೀಗೆ ಹೇಳಬಹುದು: ಒಂದು ಬ್ಯಾಂಕಿನಲ್ಲಿ, ಒಂದೇ ಹಕ್ಕಿನಿಂದ ಮತ್ತು ಒಂದೇ ನೆಲೆಯಲ್ಲಿ ಇಟ್ಟಿರುವ ಎಲ್ಲಾ ಠೇವಣಿಗಳನ್ನು ಕೂಡಿಸಿ, ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ ವಿಮೆ.

ಇದರಿಂದ ಹೊರಡುವ ಮೂರು ಅಂಶಗಳನ್ನು ನೆನಪಿಡಬೇಕು.

1. ಶಾಖೆಗಳು ಬೇರೆಯಾದರೂ ಬ್ಯಾಂಕ್ ಒಂದೇ. ಖಾನಾಪುರ ಶಾಖೆಯಲ್ಲಿ 3 ಲಕ್ಷ, ಅದೇ ಬ್ಯಾಂಕಿನ ತಿಲಕವಾಡಿ ಶಾಖೆಯಲ್ಲಿ 4 ಲಕ್ಷ ಇಟ್ಟರೆ ಒಟ್ಟು 7 ಲಕ್ಷವೆಂದೇ ಲೆಕ್ಕ. ಅದರಲ್ಲಿ 5 ಲಕ್ಷಕ್ಕೆ ಮಾತ್ರ ವಿಮೆ.

2. ಖಾತೆಯ ಬಗೆ ಬೇರೆಯಾದರೂ ಲೆಕ್ಕ ಒಂದೇ. ಉಳಿತಾಯ ಖಾತೆ, ಚಾಲ್ತಿ ಖಾತೆ, ಆರ್.ಡಿ., ಎಫ್.ಡಿ., ಪಿಗ್ಮಿ ಎಲ್ಲವನ್ನೂ ಕೂಡಿಸಲಾಗುತ್ತದೆ.

3. ಬ್ಯಾಂಕ್ ಬೇರೆಯಾದರೆ ಮಿತಿಯೂ ಬೇರೆ. ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿ ತಲಾ 5 ಲಕ್ಷದವರೆಗೆ ವಿಮೆ ಸಿಗುತ್ತದೆ.

ಬಡ್ಡಿಯ ವಿಷಯವನ್ನು ಹಲವರು ಮರೆಯುತ್ತಾರೆ. 4,80,000 ರೂ. ಠೇವಣಿಯ ಮೇಲೆ 35,000 ರೂ. ಬಡ್ಡಿ ಸೇರಿದ್ದರೆ ಒಟ್ಟು 5,15,000 ರೂ. ಆಗುತ್ತದೆ. ವಿಮೆಯಲ್ಲಿ ಸಿಗುವುದು 5,00,000 ರೂ. ಅಸಲನ್ನೇ ಸರಿಯಾಗಿ 5 ಲಕ್ಷ ಇಟ್ಟರೆ ಬಡ್ಡಿ ಪೂರ್ತಿ ವಿಮೆಯ ಹೊರಗೆ ಉಳಿಯುತ್ತದೆ.

ಒಡೆತನದ ಬಗೆಗಳು

ಸ್ವಂತ ಖಾತೆ: ಒಬ್ಬರೇ ವ್ಯಕ್ತಿಯ ಹೆಸರಿನಲ್ಲಿರುವ ಎಲ್ಲಾ ಖಾತೆಗಳು ಸೇರಿ 5 ಲಕ್ಷ.

ಜಂಟಿ ಖಾತೆ: ಜಂಟಿ ಖಾತೆಯನ್ನು ಸ್ವಂತ ಖಾತೆಯೊಂದಿಗೆ ಕೂಡಿಸುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ 5 ಲಕ್ಷದ ಮಿತಿ ಇದೆ. ಆದರೆ ಈ 5 ಲಕ್ಷ ಇಡೀ ಖಾತೆಗೆ, ಖಾತೆಯಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲ. ಮೂವರ ಹೆಸರಿನಲ್ಲಿ 9 ಲಕ್ಷ ಇದ್ದರೂ ವಿಮೆ 5 ಲಕ್ಷಕ್ಕೇ.

ಜಂಟಿ ಖಾತೆಯಲ್ಲಿ ಹೆಸರುಗಳ ಕ್ರಮಕ್ಕೆ ಬೆಲೆ ಇದೆ. ಗಂಡನ ಹೆಸರು ಮೊದಲು, ಹೆಂಡತಿಯ ಹೆಸರು ನಂತರ ಇರುವ ಎಲ್ಲಾ ಖಾತೆಗಳನ್ನು ಒಟ್ಟಾಗಿ ಎಣಿಸುತ್ತಾರೆ. ಹೆಂಡತಿಯ ಹೆಸರು ಮೊದಲು, ಗಂಡನ ಹೆಸರು ನಂತರ ಇದ್ದರೆ ಅದು ಬೇರೆ ಲೆಕ್ಕ, ಅದಕ್ಕೆ ಬೇರೆ 5 ಲಕ್ಷ. ಸೇರಿದ ವ್ಯಕ್ತಿಗಳೇ ಬೇರೆಯಾದರೂ ಲೆಕ್ಕ ಬೇರೆ: ತಾಯಿ ಮತ್ತು ಹಿರಿಯ ಮಗನ ಖಾತೆ ಒಂದು, ತಾಯಿ ಮತ್ತು ಕಿರಿಯ ಮಗನ ಖಾತೆ ಇನ್ನೊಂದು. ಹಣ ತೆಗೆಯಲು ಒಬ್ಬರ ಸಹಿ ಸಾಕೇ, ಇಬ್ಬರದೂ ಬೇಕೇ ಎಂಬುದು ವಿಮೆಯ ಲೆಕ್ಕವನ್ನು ಬದಲಿಸುವುದಿಲ್ಲ.

ಅಪ್ರಾಪ್ತ ಮಕ್ಕಳ ಖಾತೆ: ಮಗುವಿನ ಹೆಸರಿನಲ್ಲಿ ತಂದೆ ಅಥವಾ ತಾಯಿ ಪೋಷಕರಾಗಿ ನಡೆಸುವ ಖಾತೆ ಮಗುವಿನದು. ಅದನ್ನು ಪೋಷಕರ ಸ್ವಂತ ಖಾತೆಯೊಂದಿಗೆ ಕೂಡಿಸುವುದಿಲ್ಲ.

ಏಕಮಾಲೀಕತ್ವದ ಅಂಗಡಿ: ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ಇದ್ದರೂ ಮಾಲೀಕರು ಒಬ್ಬರೇ ಆಗಿದ್ದರೆ ಅದು ಅವರದೇ ಹಣ. ಅವರ ಸ್ವಂತ ಖಾತೆಯೊಂದಿಗೆ ಸೇರಿಸಿ ಎಣಿಸಲಾಗುತ್ತದೆ. ಬೋರ್ಡಿನ ಮೇಲೆ ಬೇರೆ ಹೆಸರಿದೆ ಎಂದು ವ್ಯಾಪಾರಿಗಳು ನಿಶ್ಚಿಂತರಾಗಬಾರದು.

ಪಾಲುದಾರಿಕೆ ಸಂಸ್ಥೆ ಮತ್ತು ಕಂಪೆನಿ: ಇವುಗಳ ಖಾತೆ ಪಾಲುದಾರರ ಅಥವಾ ನಿರ್ದೇಶಕರ ಸ್ವಂತ ಖಾತೆಯಿಂದ ಬೇರೆ. ಸಂಸ್ಥೆಗೆ ತನ್ನದೇ 5 ಲಕ್ಷದ ಮಿತಿ ಇದೆ.

ಟ್ರಸ್ಟ್: ವಿಶ್ವಸ್ತರಾಗಿ ಒಬ್ಬರು ನಡೆಸುವ ಖಾತೆಯನ್ನು ಅವರ ಸ್ವಂತ ಖಾತೆಯೊಂದಿಗೆ ಸೇರಿಸುವುದಿಲ್ಲ.

ಅನಿವಾಸಿ ಭಾರತೀಯರ ಖಾತೆ: ಭಾರತದ ಶಾಖೆಯಲ್ಲಿರುವ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳಿಗೂ ವಿಮೆ ಇದೆ. ವಿದೇಶದಲ್ಲಿ ಸ್ವೀಕರಿಸಿದ ಠೇವಣಿಗೆ ಇಲ್ಲ. ಇಲ್ಲಿ ಗಮನಿಸಬೇಕಾದದ್ದು, ದುಡಿದವರು ಯಾರು ಎಂಬುದನ್ನು ನಿಗಮ ನೋಡುವುದಿಲ್ಲ, ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡುತ್ತದೆ. ಗಲ್ಫ್‌ನಲ್ಲಿರುವ ಮಗ ಕಳುಹಿಸಿದ ಹಣವನ್ನು ತಂದೆ ತಮ್ಮ ಒಬ್ಬರ ಹೆಸರಿನಲ್ಲೇ ಎಫ್.ಡಿ. ಮಾಡಿದರೆ ಅದು ತಂದೆಯ 5 ಲಕ್ಷದ ಮಿತಿಯೊಳಗೇ ಬರುತ್ತದೆ.

ಒಂದು ಕುಟುಂಬದ ಲೆಕ್ಕ

ಖಾನಾಪುರದಲ್ಲಿ ಅಂಗಡಿ ಇರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು. ಎಲ್ಲಾ ಹಣ ಒಂದೇ ಬ್ಯಾಂಕಿನ ಖಾನಾಪುರ ಮತ್ತು ಬೆಳಗಾವಿ ಶಾಖೆಗಳಲ್ಲಿದೆ.

ಗಂಡನ ಉಳಿತಾಯ ಖಾತೆ, ಖಾನಾಪುರ: 1,20,000 ರೂ.
ಗಂಡನ ಎಫ್.ಡಿ., ಬೆಳಗಾವಿ: 5,00,000 ರೂ.
ಗಂಡನ ಅಂಗಡಿಯ ಚಾಲ್ತಿ ಖಾತೆ: 80,000 ರೂ.
ಗಂಡ ಮತ್ತು ಹೆಂಡತಿ, ಜಂಟಿ: 4,50,000 ರೂ.
ಹೆಂಡತಿ ಮತ್ತು ಗಂಡ, ಜಂಟಿ: 3,00,000 ರೂ.
ಹೆಂಡತಿಯ ಸ್ವಂತ ಖಾತೆ: 2,50,000 ರೂ.
ಮಗಳ ಹೆಸರಿನಲ್ಲಿ, ತಾಯಿ ಪೋಷಕಿ: 1,00,000 ರೂ.

ಒಟ್ಟು ಹಣ 18 ಲಕ್ಷ ರೂ. ಮೊದಲ ಮೂರು ಖಾತೆಗಳು ಒಂದೇ ಗುಂಪು. ಅವುಗಳ ಮೊತ್ತ 7 ಲಕ್ಷ, ವಿಮೆ 5 ಲಕ್ಷ. ಉಳಿದ ನಾಲ್ಕೂ ಖಾತೆಗಳು ನಾಲ್ಕು ಬೇರೆ ಗುಂಪುಗಳು. ಯಾವುದೂ 5 ಲಕ್ಷ ದಾಟಿಲ್ಲವಾದ್ದರಿಂದ ಆ 11 ಲಕ್ಷಕ್ಕೂ ಪೂರ್ಣ ರಕ್ಷಣೆ ಇದೆ. ಹೀಗೆ 16 ಲಕ್ಷಕ್ಕೆ ವಿಮೆ ಇದೆ, 2 ಲಕ್ಷಕ್ಕೆ ಇಲ್ಲ. ಗಂಡನ ಎಫ್.ಡಿ. ಅವಧಿ ಮುಗಿದಾಗ ಅದರಲ್ಲಿ 2 ಲಕ್ಷಕ್ಕಿಂತ ಸ್ವಲ್ಪ ಹೆಚ್ಚನ್ನು ಬೇರೊಂದು ಬ್ಯಾಂಕಿಗೆ ವರ್ಗಾಯಿಸಿದರೆ ಬಡ್ಡಿಗೂ ಜಾಗ ಉಳಿದು ಇಡೀ ಕುಟುಂಬದ ಹಣ ವಿಮೆಯೊಳಗೆ ಬರುತ್ತದೆ.

ಇದೇ 18 ಲಕ್ಷ ಗಂಡನ ಒಬ್ಬರ ಹೆಸರಿನಲ್ಲೇ ಇದ್ದಿದ್ದರೆ? ಆಗ ವಿಮೆ 5 ಲಕ್ಷಕ್ಕೆ ಮಾತ್ರ, 13 ಲಕ್ಷ ಹೊರಗೆ.

ಹಾಗೆಂದು ವಿಮೆಗಾಗಿಯೇ ಯಾರದೋ ಹೆಸರನ್ನು ಜಂಟಿ ಖಾತೆಗೆ ಸೇರಿಸುವುದು ಸರಿಯಲ್ಲ. ಹೆಸರು ಸೇರಿಸಿದರೆ ಹಕ್ಕು ಕೊಟ್ಟಂತೆ. ಅಣ್ಣ ತಮ್ಮಂದಿರ ನಡುವೆ ಮನಸ್ತಾಪಕ್ಕೆ ಅದೇ ಕಾರಣವಾಗಬಾರದು. ಮನೆಯವರು ಒಟ್ಟಿಗೆ ಕುಳಿತು, ಮಾತಾಡಿ ತೀರ್ಮಾನಿಸುವುದು ಒಳ್ಳೆಯದು.

ಬ್ಯಾಂಕುಗಳ ವಿಲೀನದ ನಂತರ

ಇದು ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಹಿಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಒಂದು ಠೇವಣಿ, ಕೆನರಾ ಬ್ಯಾಂಕಿನಲ್ಲಿ ಇನ್ನೊಂದು ಎಂದು ಹಂಚಿಟ್ಟವರ ಹಣ ಇಂದು ಒಂದೇ ಬ್ಯಾಂಕಿನಲ್ಲಿದೆ. ಎರಡು ಪಾಸ್‌ಬುಕ್ ಇದ್ದರೂ ಮಿತಿ ಒಂದೇ.

ಉತ್ತರ ಕರ್ನಾಟಕದಲ್ಲೂ ಹೀಗೆಯೇ ಆಗಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರಿಚಿತವಾಗಿದ್ದ, ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ.

ಧರ್ಮಕೇಂದ್ರ ಮತ್ತು ಸಂಘಗಳ ಹಣ

ಇಗರ್ಜಿಯ ಹಬ್ಬದ ನಿಧಿ, ಕಟ್ಟಡ ನಿಧಿ, ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆಯ ಬಡವರ ನಿಧಿ, ಸ್ತ್ರೀ ಸಂಘಟನೆಯ ಉಳಿತಾಯ ಇವೆಲ್ಲ ಬ್ಯಾಂಕಿನಲ್ಲೇ ಇರುತ್ತವೆ. ಧರ್ಮಗುರುಗಳು ಅಥವಾ ಪಾಲನಾ ಮಂಡಳಿಯ ಪದಾಧಿಕಾರಿಗಳು ಸಹಿ ಮಾಡುತ್ತಾರೆ ಎಂಬ ಕಾರಣಕ್ಕೆ ಆ ಹಣ ಅವರ ಸ್ವಂತದ್ದೆಂದು ಎಣಿಸಲಾಗುವುದಿಲ್ಲ. ಖಾತೆಯ ಕಾನೂನುಬದ್ಧ ಒಡೆಯರು ಯಾರು ಎಂಬುದೇ ಮುಖ್ಯ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಧರ್ಮಕೇಂದ್ರದ ಹಲವು ನಿಧಿಗಳಿಗೆ ಹಲವು ಪಾಸ್‌ಬುಕ್ ಇದ್ದರೂ, ಒಡೆಯ ಸಂಸ್ಥೆ ಒಂದೇ ಆಗಿ ಬ್ಯಾಂಕೂ ಒಂದೇ ಆಗಿದ್ದರೆ ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತವೆ. ಕಟ್ಟಡ ನಿಧಿಗೆಂದು ಭಕ್ತಾದಿಗಳು ಕೊಟ್ಟ 20 ಲಕ್ಷ ಒಂದೇ ಬ್ಯಾಂಕಿನಲ್ಲಿದ್ದರೆ ವಿಮೆ ಇರುವುದು 5 ಲಕ್ಷಕ್ಕೆ. ದೊಡ್ಡ ಮೊತ್ತವನ್ನು ಎಲ್ಲಿ ಇಡಬೇಕು ಎಂಬುದನ್ನು ಪರಿಚಯದ ಮೇಲೆ, ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಯ ಮೇಲೆ ನಿರ್ಧರಿಸದೆ, ಹಣಕಾಸು ಸಮಿತಿಯಲ್ಲಿ ಚರ್ಚಿಸಿ, ಧರ್ಮಪ್ರಾಂತದ ಹಣಕಾಸು ವಿಭಾಗದ ಸಲಹೆ ಪಡೆದು ನಿರ್ಧರಿಸುವುದು ಕ್ಷೇಮ.

ಸ್ವಸಹಾಯ ಸಂಘಗಳ ಮಹಿಳೆಯರೂ ಇದನ್ನು ತಿಳಿದಿರಬೇಕು. ಸಂಘದ ಹೆಸರಿನಲ್ಲಿರುವ ಖಾತೆಗೆ ಸಂಘವೇ ಠೇವಣಿದಾರ. ಸದಸ್ಯೆಯರು 15 ಮಂದಿ ಇದ್ದರೂ ಮಿತಿ 15 ಪಟ್ಟು ಆಗುವುದಿಲ್ಲ.

ಸಾಲ, ನಾಮಿನಿ, ಲಾಕರ್

ಅದೇ ಬ್ಯಾಂಕಿನಲ್ಲಿ ಸಾಲವಿದ್ದರೆ ಬ್ಯಾಂಕ್ ಅದನ್ನು ಠೇವಣಿಯಿಂದ ಕಳೆದುಕೊಳ್ಳಬಹುದು. 6 ಲಕ್ಷ ಠೇವಣಿ, 2 ಲಕ್ಷ ಬಾಕಿ ಸಾಲ ಇದ್ದರೆ ಉಳಿಯುವ 4 ಲಕ್ಷಕ್ಕೆ ವಿಮೆ ಅನ್ವಯಿಸುತ್ತದೆ.

ನಾಮಿನಿ ಎಂದರೆ ಒಡೆಯರಲ್ಲ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ನಾಲ್ವರನ್ನು ಸೂಚಿಸಿದರೂ ವಿಮೆಯ ಮಿತಿ ಹೆಚ್ಚಾಗುವುದಿಲ್ಲ. ಆದರೂ ನಾಮಿನಿ ಹೆಸರು ಬರೆಸುವುದನ್ನು ತಪ್ಪಿಸಬಾರದು. ಮನೆಯ ಯಜಮಾನರು ತೀರಿಕೊಂಡಾಗ ವಿಧವೆಯರು ಕಚೇರಿಯಿಂದ ಕಚೇರಿಗೆ ಅಲೆಯುವುದು ಅದರಿಂದ ತಪ್ಪುತ್ತದೆ.

ಸಹಕಾರಿ ಬ್ಯಾಂಕಿನ ಶೇರು ಹಣ ಠೇವಣಿಯಲ್ಲ, ಅದಕ್ಕೆ ವಿಮೆ ಇಲ್ಲ. ಲಾಕರಿನಲ್ಲಿಟ್ಟ ಒಡವೆಗೂ ಈ ವಿಮೆ ಸಂಬಂಧಿಸಿದ್ದಲ್ಲ.

ಹಣ ಯಾವಾಗ ಸಿಗುತ್ತದೆ?

ಹಿಂದೆ ಬ್ಯಾಂಕಿನ ಪರವಾನಗಿ ರದ್ದಾಗಿ ಲಿಕ್ವಿಡೇಟರ್ ನೇಮಕವಾಗುವವರೆಗೆ ಠೇವಣಿದಾರರು ವರ್ಷಗಟ್ಟಲೆ ಕಾಯಬೇಕಿತ್ತು. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ರಿಸರ್ವ್ ಬ್ಯಾಂಕ್ ಹಣ ತೆಗೆಯುವುದಕ್ಕೆ ನಿರ್ಬಂಧ ಹೇರಿದ 90 ದಿನಗಳೊಳಗೆ ವಿಮೆಯ ಹಣ ಸಿಗಬೇಕು. ಮೊದಲ 45 ದಿನಗಳಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕೊಡಬೇಕು. ನಂತರ ನಿಗಮ ಅದನ್ನು ಪರಿಶೀಲಿಸಿ ಹಣ ಪಾವತಿಸುತ್ತದೆ. ಆ ಬ್ಯಾಂಕನ್ನು ಬೇರೊಂದು ಬ್ಯಾಂಕಿನೊಂದಿಗೆ ಸೇರಿಸುವ ಪ್ರಯತ್ನ ನಡೆದಿದ್ದರೆ ಇನ್ನೂ 90 ದಿನ ತಡವಾಗಬಹುದು. ಠೇವಣಿದಾರರು ಒಪ್ಪಿಗೆ ಪತ್ರ, ಗುರುತಿನ ದಾಖಲೆ ಮತ್ತು ಹಣ ಜಮೆಯಾಗಬೇಕಾದ ಇನ್ನೊಂದು ಖಾತೆಯ ವಿವರವನ್ನು ಕೊಡಬೇಕಾಗುತ್ತದೆ.

ಇಂಥ ಸ್ಥಿತಿ ನಮ್ಮ ರಾಜ್ಯದಲ್ಲಿ ಅಪರೂಪವೇನಲ್ಲ. 2022ರಲ್ಲಿ ಮುಧೋಳ ಕೋ-ಆಪರೇಟಿವ್ ಬ್ಯಾಂಕ್ ಮತ್ತು ವಿಜಯಪುರದ ಡೆಕ್ಕನ್ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿಗಳು ರದ್ದಾದವು. 2025ರ ಜುಲೈನಲ್ಲಿ ನಮ್ಮ ಕರಾವಳಿಯ ಕಾರವಾರ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿ ರದ್ದಾಯಿತು. ಅದರ ಠೇವಣಿದಾರರಲ್ಲಿ ಶೇಕಡಾ 92.9ರಷ್ಟು ಮಂದಿ ವಿಮೆಯಿಂದ ಪೂರ್ತಿ ಹಣ ಪಡೆಯಲು ಅರ್ಹರು ಎಂದು ರಿಸರ್ವ್ ಬ್ಯಾಂಕ್ ಆಗ ತಿಳಿಸಿತ್ತು. ಸಣ್ಣ ಉಳಿತಾಯದವರಿಗೆ ಇದು ಸಮಾಧಾನದ ಮಾತು. ಉಳಿದ ನೂರಕ್ಕೆ ಏಳು ಮಂದಿಯ ಪಾಡು ಬೇರೆ. ಮಿತಿ ಮೀರಿದ ಹಣಕ್ಕಾಗಿ ಅವರು, ಬ್ಯಾಂಕಿನ ಆಸ್ತಿ ಮತ್ತು ಸಾಲ ವಸೂಲಿಯಿಂದ ಲಿಕ್ವಿಡೇಟರ್ ಕೊಡುವ ಪಾಲನ್ನು ಕಾಯಬೇಕು. ಅದು ಎಷ್ಟು, ಯಾವಾಗ ಎಂದು ಯಾರೂ ಭರವಸೆ ಕೊಡಲಾರರು.

ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ ಮೇಲೆ ಹೆಸರು ಬದಲಿಸಿ, ಖಾತೆ ಒಡೆದು ಪ್ರಯೋಜನವಿಲ್ಲ. ಆ ದಿನ ಬ್ಯಾಂಕಿನ ಪುಸ್ತಕದಲ್ಲಿ ಏನಿದೆಯೋ ಅದೇ ಲೆಕ್ಕ.

ಈ ವಾರವೇ ಮಾಡಬಹುದಾದ ಕೆಲಸ

1. ಮನೆಯಲ್ಲಿರುವ ಎಲ್ಲಾ ಪಾಸ್‌ಬುಕ್ ಮತ್ತು ಠೇವಣಿ ರಸೀದಿಗಳನ್ನು ಒಂದೆಡೆ ತನ್ನಿ.
2. ಅವುಗಳನ್ನು ಬ್ಯಾಂಕ್‌ವಾರು ವಿಂಗಡಿಸಿ. ವಿಲೀನವಾದ ಬ್ಯಾಂಕಿನ ಹಳೆಯ ರಸೀದಿಯನ್ನು ಈಗಿನ ಬ್ಯಾಂಕಿನ ಜೊತೆ ಇಡಿ. ಸೊಸೈಟಿಯ ರಸೀದಿಗಳನ್ನು ಪ್ರತ್ಯೇಕ ಇಡಿ.
3. ಒಂದೊಂದು ಬ್ಯಾಂಕಿನಲ್ಲಿ ಸ್ವಂತ, ಜಂಟಿ, ಮಕ್ಕಳ ಖಾತೆ ಎಂದು ಗುಂಪು ಮಾಡಿ. ಜಂಟಿ ಖಾತೆಗಳಲ್ಲಿ ಹೆಸರಿನ ಕ್ರಮ ನೋಡಿ.
4. ಬಡ್ಡಿ ಸೇರಿಸಿ ಯಾವ ಗುಂಪು 5 ಲಕ್ಷ ದಾಟುತ್ತದೆ ಎಂದು ಗುರುತು ಹಾಕಿ.
5. ನಾಮಿನಿ, ಮೊಬೈಲ್ ಸಂಖ್ಯೆ, ವಿಳಾಸ ಸರಿ ಇವೆಯೇ ಎಂದು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಿ.

ಓದು ಬಾರದ ಹಿರಿಯರಿಗೆ, ಒಂಟಿಯಾಗಿರುವ ವೃದ್ಧರಿಗೆ ಈ ಕೆಲಸದಲ್ಲಿ ನಮ್ಮ ಯುವಜನರು ನೆರವಾದರೆ ಅದೂ ಒಂದು ದೊಡ್ಡ ಸೇವೆ. ಪೂಜೆ ಮುಗಿದ ಮೇಲೆ ಇಗರ್ಜಿಯ ಆವರಣದಲ್ಲಿ ಅರ್ಧ ತಾಸು ಕುಳಿತು, ಒಬ್ಬ ಅಜ್ಜಿಯ ಪಾಸ್‌ಬುಕ್ ನೋಡಿಕೊಟ್ಟರೆ ಸಾಕು. ಬೆವರು ಸುರಿಸಿ ಕೂಡಿಟ್ಟ ಹಣ ಅವರ ಮುಪ್ಪಿನ ಕಾಲಕ್ಕೆ ಒದಗುವಂತಾಗಲಿ.